ಪಿಕಪ್‌ನ ಆಯಿಲ್ ಲೈಟ್ ಹತ್ತಿದ ಮೇಲೆ ಒಂದೂವರೆ ತಿಂಗಳು

ನಮ್ಮದು 2011ರ ಪಿಕಪ್. ನಾಲ್ಕು ಸಿಲಿಂಡರಿನ ಹಳೇ ಕಾಲದ ಡೀಸೆಲ್ ಇಂಜಿನ್. 2016ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಾಗ ಮೀಟರಿನಲ್ಲಿ 1 ಲಕ್ಷ 40 ಸಾವಿರ ಕಿಲೋಮೀಟರ್ ಇತ್ತು. ಈಗ 3 ಲಕ್ಷ 60 ಸಾವಿರ ದಾಟಿದೆ. ಶ್ರೀನಿವಾಸಪುರದ ಸುತ್ತಮುತ್ತಲ ತೋಟಗಳಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ, ಸೀಸನ್ ಬಂದರೆ ಮಾವು, ವಾರಕ್ಕೆ ಒಂದೆರಡು ಸಲ ಚೆನ್ನೈನ ಕೊಯಂಬೇಡು ಮಾರ್ಕೆಟ್. ನಮ್ಮ ಮನೆ ನಡೆಯುವುದು ಈ ಗಾಡಿಯಿಂದಲೇ.

ಮಾರ್ಚ್ ಎರಡನೇ ವಾರ. ಕೊಯಂಬೇಡಿನಲ್ಲಿ ಮಾಲು ಇಳಿಸಿ, ಖಾಲಿ ಬಾಕ್ಸ್ ಹೇರಿಕೊಂಡು ವಾಪಸ್ ಬರುತ್ತಿದ್ದೆ. ಚಿತ್ತೂರು ದಾಟಿ ಮೊಗಿಲಿ ಘಾಟ್ ಹತ್ತಿ ಪಲಮನೇರಿನಲ್ಲಿ ಟೀ ಕುಡಿಯೋಣ ಅಂತ ಗಾಡಿ ಬದಿಗೆ ಹಾಕಿದೆ. ಇಂಜಿನ್ ಆಫ್ ಮಾಡಿರಲಿಲ್ಲ. ಕೈ ಕೀ ಮೇಲೆ ಇತ್ತು. ಆಗ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಎಣ್ಣೆ ಕ್ಯಾನಿನ ಚಿತ್ರದ ಕೆಂಪು ಲೈಟ್, ಅಂದರೆ ಆಯಿಲ್ ಪ್ರೆಶರ್ ಬಿದ್ದಾಗ ಹತ್ತುವ ಲೈಟ್, ಒಮ್ಮೆ ಮಿನುಗಿತು. ಆಕ್ಸಿಲರೇಟರ್ ಸ್ವಲ್ಪ ಒತ್ತಿದೆ, ಹೋಯಿತು. ಕಾಲು ತೆಗೆದೆ, ಮತ್ತೆ ಮಿನುಗಿತು. ತಕ್ಷಣ ಆಫ್ ಮಾಡಿದೆ. ಟೀ ಇಳಿಯಲಿಲ್ಲ.

ಹತ್ತು ನಿಮಿಷ ಬಿಟ್ಟು ಗೇಜ್ ಕಡ್ಡಿ ಎಳೆದು ನೋಡಿದರೆ ಆಯಿಲ್ ಫುಲ್ ಇತ್ತು. ಮೇಲಿನ ಗೆರೆಗಿಂತ ಸ್ವಲ್ಪ ಜಾಸ್ತಿಯೇ ಇತ್ತು. ಸಮಾಧಾನ ಆಯಿತು. ಎರಡು ಮೂರು ತಿಂಗಳಿಂದ ನಮ್ಮ ಗಾಡಿ ಆಯಿಲ್ ಕುಡಿಯುತ್ತಲೇ ಇಲ್ಲ ಅಂತ ನನಗೆ ಹೆಮ್ಮೆ ಬೇರೆ ಇತ್ತು. ಆ ಸಮಾಧಾನವೇ ತಪ್ಪು ಅಂತ ಗೊತ್ತಾಗಿದ್ದು ಮೂರು ವಾರ ಕಳೆದ ಮೇಲೆ. ಈ ಬರಹ ಓದುತ್ತಿರುವವರು ಒಂದು ಮಾತು ಈಗಲೇ ನೆನಪಿಟ್ಟುಕೊಳ್ಳಿ. ಹಳೇ ಡೀಸೆಲ್ ಇಂಜಿನ್ನಿನಲ್ಲಿ ಆಯಿಲ್ ಕಡಿಮೆಯಾದರೆ ಹೇಗೆ ಹೆದರುತ್ತೀರೋ, ಸುಮ್ನೆ ಇದ್ದಲ್ಲೇ ಏರಿದರೆ ಅದಕ್ಕಿಂತ ಜಾಸ್ತಿ ಹೆದರಬೇಕು.

ಮಾರನೇ ದಿನ ನಾನು ಯಾವಾಗಲೂ ಹೋಗುವ ಗ್ಯಾರೇಜಿಗೆ ಹೋದೆ. "ಆಯಿಲ್ ಸ್ವಿಚ್ ಹೋಗಿದೆ, ಹಳೇ ಗಾಡಿಗಳಲ್ಲಿ ಮಾಮೂಲು" ಅಂದರು. ಆ ಲೈಟ್ ಹಚ್ಚುವ ಸ್ವಿಚ್ ಅದು. 280 ರೂಪಾಯಿಗೆ ಹೊಸ ಸ್ವಿಚ್ ಹಾಕಿದರು. ಇಂಜಿನ್ ತಣ್ಣಗಿದ್ದಾಗ ಲೈಟ್ ಬರಲಿಲ್ಲ, ಮನೆಗೆ ಬಂದೆ. ನಾಲ್ಕು ದಿನ ಆರಾಮಾಗಿತ್ತು. ಐದನೇ ದಿನ ಮಧ್ಯಾಹ್ನ ಎಪಿಎಂಸಿ ಗೇಟಿನ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದಾಗ ಮತ್ತೆ ಹತ್ತಿತು. ಪಕ್ಕದ ಗಾಡಿಯವರು ನೋಡಿ, "ಆ ವೈರ್ ಕಿತ್ತು ಬಿಡಣ್ಣಾ, ನಾನೂ ಅದೇ ಮಾಡಿದೀನಿ" ಅಂದರು. ದಯವಿಟ್ಟು ಆ ಕೆಲಸ ಮಾಡಬೇಡಿ. ಆ ಲೈಟ್ ಬರುವುದೇ ಬಹಳ ತಡವಾಗಿ. ಸಾಮಾನ್ಯವಾಗಿ ಪ್ರೆಶರ್ ಅರ್ಧ ಕೆಜಿ (ಚದರ ಸೆಂಟಿಮೀಟರಿಗೆ) ಆಸುಪಾಸಿಗೋ ಅದಕ್ಕೂ ಕೆಳಗೋ ಇಳಿದ ಮೇಲೆಯೇ ಆ ಸ್ವಿಚ್ ಲೈಟ್ ಹಚ್ಚುವುದು. ಅಲ್ಲಿಯವರೆಗೆ ಎಷ್ಟು ಇಳಿದಿದೆ ಅಂತ ಅದು ಹೇಳುವುದಿಲ್ಲ.

ನಾನು ಇನ್ನೊಂದು ತಪ್ಪು ಮಾಡಿದೆ. ದಪ್ಪ ಆಯಿಲ್ ಹಾಕಿದರೆ ಸರಿಹೋಗುತ್ತೆ ಅಂತ ಯಾರೋ ಹೇಳಿದರು. 15ಡಬ್ಲ್ಯು-40 ಇಳಿಸಿ 20ಡಬ್ಲ್ಯು-50 ಹಾಕಿಸಿದೆ. 2,600 ರೂಪಾಯಿ ಆಯಿತು. ಲೈಟ್ ಮಾಯವಾಯಿತು. ಎರಡು ವಾರ ನಿಶ್ಚಿಂತೆಯಾಗಿ ಓಡಿಸಿದೆ, ಪೂರ್ತಿ ಲೋಡ್ ಹೇರಿ. ಆ ಎರಡು ವಾರ ಬೇರಿಂಗ್‌ಗಳಿಗೆ ಎಷ್ಟು ಪೆಟ್ಟು ಬಿತ್ತೋ ಅಂತ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಾರ್ಚ್ ಕೊನೆಗೆ, ಬೆಳಗಿನ ಜಾವ ಮೂರು ಗಂಟೆಗೆ ಕೊಯಂಬೇಡಿನ ಒಳಗೆ ಲೈಟ್ ಮತ್ತೆ ಬಂತು. ಈ ಸಲ ಮಿನುಗಲಿಲ್ಲ, ಹತ್ತಿಕೊಂಡೇ ಇತ್ತು. ಜತೆಗೆ ಇಂಜಿನ್ ತಳದಿಂದ ಒಂಥರಾ ಮಂದ ಸದ್ದು. ಟ್ಯಾಪೆಟ್ ಸದ್ದಿನ ಹಾಗೆ ಟಿಕ್ ಟಿಕ್ ಅಲ್ಲ. ಒಳಗಿನಿಂದ ಯಾರೋ ಮರದ ಕೊಡತಿಯಿಂದ ಮೆಲ್ಲಗೆ ಕುಟ್ಟಿದ ಹಾಗೆ. ಲೋಡ್ ಇಳಿಸಿ ಮನೆಗೆ ಫೋನ್ ಮಾಡಿದೆ. ಅಪ್ಪ, "ಗಾಡಿ ಓಡಿಸಬೇಡ, ಕಟ್ಟಿಕೊಂಡು ಬಾ" ಅಂದರು. ಸುಮಾರು 270 ಕಿಲೋಮೀಟರ್. ನಮ್ಮ ಊರಿನವರದೇ ಲಾರಿ ಒಂದು ಖಾಲಿ ವಾಪಸ್ ಹೊರಟಿತ್ತು. ಅದರ ಮೇಲೆ ಪಿಕಪ್ ಹತ್ತಿಸಿಕೊಂಡು ಬಂದೆವು. ಡೀಸೆಲ್ ಖರ್ಚು ಅಂತ ಮೂರು ಸಾವಿರ ಕೊಟ್ಟೆ. ಅವರು ಅದಕ್ಕಿಂತ ಕೇಳಲಿಲ್ಲ.

ಮೊದಲ ಗ್ಯಾರೇಜಿನಲ್ಲಿ ಕೇಳಿದಾಗ ಇಂಜಿನ್ ಬಿಚ್ಚದೆಯೇ ಲೆಕ್ಕ ಹೇಳಿದರು. ಫುಲ್ ಇಂಜಿನ್ ವರ್ಕ್, ಲೈನರ್ ಪಿಸ್ಟನ್ನಿನಿಂದ ಹಿಡಿದು ಹೆಡ್ ವರೆಗೂ. 95 ಸಾವಿರ, ಹದಿನೈದು ದಿನ. ಆ ರಾತ್ರಿ ನಿದ್ದೆ ಬರಲಿಲ್ಲ. ಮಾವಿನ ಸೀಸನ್ ಕಣ್ಣೆದುರು ಇತ್ತು. ಏಪ್ರಿಲ್ ಕೊನೆಗೆ ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಬೇರೆ ಮುಗಿಯುತ್ತಿತ್ತು. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಆಗಬೇಕು, ಗೊತ್ತಲ್ವಾ. ಇನ್ಶೂರೆನ್ಸ್ ಪೇಪರ್ ತೆಗೆದು ಓದಿದೆ. ಸವೆತ, ಮೆಕ್ಯಾನಿಕಲ್ ಬ್ರೇಕ್‌ಡೌನ್ ಇವಕ್ಕೆ ಕ್ಲೇಮ್ ಇಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಗುಜರಿಯಿಂದ ಇಡೀ ಸೆಕೆಂಡ್ ಹ್ಯಾಂಡ್ ಇಂಜಿನ್ ತಂದು ಕೂರಿಸಬಹುದು ಅಂತ ಒಬ್ಬರು ಹೇಳಿದರು. ಆ ದಾರಿ ಹಿಡಿಯುವವರು ನೆನಪಿಡಿ. ಬ್ಲಾಕ್, ಅಂದರೆ ಇಂಜಿನ್ನಿನ ಮುಖ್ಯ ಒಡಲು, ಬದಲಾದರೆ ಇಂಜಿನ್ ನಂಬರ್ ಬದಲಾಗುತ್ತದೆ, ಅದನ್ನು ಆರ್‌ಟಿಒದಲ್ಲಿ ತೋರಿಸಿ ಆರ್‌ಸಿಯಲ್ಲಿ ಬರೆಸಬೇಕು. ಹಾಗೆ ಮಾಡದಿದ್ದರೆ ಎಫ್‌ಸಿಗೆ ಹೋದಾಗ ಸಿಕ್ಕಿಹಾಕಿಕೊಳ್ಳುತ್ತೀರಿ. ಆ ಇಂಜಿನ್ ಎಲ್ಲಿಂದ ಬಂತು ಅನ್ನುವುದಕ್ಕೆ ಬಿಲ್ ಕೂಡ ಬೇಕು. ನಾನು ಆ ಯೋಚನೆ ಅಲ್ಲಿಗೇ ಬಿಟ್ಟೆ.

ಅಪ್ಪನ ಸ್ನೇಹಿತರೊಬ್ಬರು ಕೋಲಾರದ ಹೊರಗೆ ಒಬ್ಬ ಹಳೇ ಡೀಸೆಲ್ ಮೆಕ್ಯಾನಿಕ್ ಇದ್ದಾರೆ, ಒಮ್ಮೆ ತೋರಿಸು ಅಂದರು. ಎಲ್ಲರೂ ಅವರನ್ನು ಭಾಯ್ ಅಂತಲೇ ಕರೆಯುತ್ತಾರೆ. ವಯಸ್ಸು ಅರವತ್ತೈದರ ಮೇಲಿರಬೇಕು. ಅವರು ಬಂದವರೇ ಇಂಜಿನ್ ಸ್ಟಾರ್ಟ್ ಮಾಡಲು ಹೇಳಲಿಲ್ಲ. ಗೇಜ್ ಕಡ್ಡಿ ಎಳೆದರು. ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿತ್ತು. ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಹನಿ ಉಜ್ಜಿದರು, ಬೆರಳುಗಳನ್ನು ಮೆಲ್ಲಗೆ ಬಿಡಿಸಿದರು. ದಾರ ಎಳೆಯಲಿಲ್ಲ, ನೀರಿನ ಹಾಗೆ ಜಾರಿತು. ಆಮೇಲೆ ಹಳೇ ಕ್ಯಾಲೆಂಡರಿನ ಹಾಳೆ ಹರಿದು ಅದರ ಮೇಲೆ ಇನ್ನೊಂದು ಹನಿ ಬಿಟ್ಟು, "ಟೀ ಕುಡಿದು ಬರೋಣ" ಅಂದರು. ವಾಪಸ್ ಬಂದಾಗ ನಡುವೆ ಕಪ್ಪು ಮಚ್ಚೆ, ಅದರ ಸುತ್ತ ಅಗಲವಾದ ತೆಳು ಹಳದಿ ಉಂಗುರ.

"ನೋಡಪ್ಪಾ, ಈ ಉಂಗುರ ಡೀಸೆಲ್‌ದು. ಮೂಸಿ ನೋಡು."

ಮೂಸಿದೆ. ಡೀಸೆಲ್ ವಾಸನೆ ಗಪ್ ಅಂತ ಹೊಡೆಯಿತು. ದಿನಾ ಡೀಸೆಲ್ ವಾಸನೆಯಲ್ಲೇ ಇರುವ ನನಗೆ ಇಷ್ಟು ದಿನ ಅದು ಗೊತ್ತೇ ಆಗಿರಲಿಲ್ಲ.

ನಮ್ಮಂಥ ಹಳೇ ಇಂಜಿನ್ನಿನಲ್ಲಿ ಟ್ಯಾಂಕಿನಿಂದ ಡೀಸೆಲ್ ಎಳೆಯಲು ಬ್ಲಾಕಿಗೇ ಕೂರಿಸಿದ ಒಂದು ಸಣ್ಣ ಫೀಡ್ ಪಂಪ್ ಇರುತ್ತದೆ. ಒಳಗೆ ರಬ್ಬರಿನ ಡಯಾಫ್ರಾಮ್. ಅದು ಹರಿದರೆ ಡೀಸೆಲ್ ನೇರವಾಗಿ ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿಗೆ ಇಳಿಯುತ್ತದೆ. ನಮ್ಮದರಲ್ಲಿ ಆಗಿದ್ದು ಅದೇ. ಇಂಜಿನ್ ತನ್ನ ಪಾಲಿನ ಆಯಿಲ್ ಕುಡಿಯುತ್ತಲೇ ಇತ್ತು, ಆ ಜಾಗವನ್ನು ಡೀಸೆಲ್ ತುಂಬುತ್ತಿತ್ತು. ಅದಕ್ಕೇ ಕಡ್ಡಿಯಲ್ಲಿ ಕಡಿಮೆ ಕಾಣುತ್ತಿರಲಿಲ್ಲ. ನಾನು ದಪ್ಪ ಆಯಿಲ್ ಹಾಕಿದಾಗ ಎರಡು ವಾರ ಲೈಟ್ ಹೋಗಿ ಮತ್ತೆ ಬಂದಿದ್ದೂ ಇದಕ್ಕೇ. ಆ ದಪ್ಪ ಆಯಿಲೂ ಎರಡು ವಾರದಲ್ಲಿ ತೆಳುವಾಗಿತ್ತು.

"ಹಾಗಾದ್ರೆ ಪಂಪ್ ಬದಲಾಯಿಸಿದರೆ ಸಾಕಾ ಭಾಯ್?" ಅಂತ ಕೇಳಿದೆ.

"ಸದ್ದು ಬಂದಿದೆ ಅಂತೀಯಲ್ಲಪ್ಪಾ. ಅಳೆಯೋಣ. ಅಳೆಯದೆ ನಾನು ಏನೂ ಹೇಳಲ್ಲ."

ಇಷ್ಟು ದಿನದಲ್ಲಿ ಅಳೆಯೋಣ ಅಂದ ಮೊದಲ ಮನುಷ್ಯ ಅವರೇ.

ಆದರೆ ಅವರ ಹತ್ತಿರ ಇದ್ದ ಪ್ರೆಶರ್ ಗೇಜಿನ ಮುಳ್ಳು ಮುರಿದಿತ್ತು. ಮರುದಿನ ಬಸ್ ಹತ್ತಿ, ಗಾಡಿ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರೋಡಿಗೆ ಹೋದೆ. 1,150 ರೂಪಾಯಿಗೆ ಪೈಪ್ ಸಮೇತ ಮೆಕ್ಯಾನಿಕಲ್ ಗೇಜ್ ತಂದೆ. ತಂದು ನೋಡಿದರೆ ಮರೆಯ (ತಿರುಪಿನ ಥ್ರೆಡ್) ಸುತ್ತು ಕೂರುತ್ತಿಲ್ಲ. ಆಯಿಲ್ ಸ್ವಿಚ್ ಬಿಚ್ಚಿದ ತೂತಿಗೇ ಗೇಜಿನ ಪೈಪ್ ಕೂರಬೇಕು, ಆದರೆ ಗೇಜಿನ ಮರೆ ಬೇರೆ, ಬ್ಲಾಕಿನ ಮರೆ ಬೇರೆ. ಲೇತಿನವರ ಹತ್ತಿರ ಹಿತ್ತಾಳೆ ಅಡಾಪ್ಟರ್ ಮಾಡಿಸಲು 300 ರೂಪಾಯಿ, ಒಂದೂವರೆ ದಿನ. ನೀವು ಗೇಜ್ ತರಲು ಹೋಗುವಾಗ ಹಳೇ ಆಯಿಲ್ ಸ್ವಿಚ್ ಜೇಬಿನಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯಲ್ಲೇ ಮರೆ ಹೊಂದಿಸಿ ನೋಡಬಹುದು. ಬ್ಲಾಕಿಗೆ ತಪ್ಪು ಮರೆಯನ್ನು ಬಲವಂತವಾಗಿ ತಿರುಗಿಸಿದರೆ ತೂತೇ ಹಾಳಾಗುತ್ತದೆ.

ಲೈಟ್ ಬಂದಾಗ ಎಲ್ಲರೂ ಆಯಿಲ್ ಪಂಪ್ ಹೋಗಿದೆ ಅಂತಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಆಯಿಲ್ ಪಂಪ್ ಪ್ರೆಶರ್ ಹುಟ್ಟಿಸುವುದಿಲ್ಲ, ಆಯಿಲ್ ತಳ್ಳುತ್ತದೆ ಅಷ್ಟೇ. ಪ್ರೆಶರ್ ಹುಟ್ಟುವುದು ಆ ಆಯಿಲ್ ಹೊರಗೆ ಹೋಗುವ ದಾರಿ ಎಷ್ಟು ಕಿರಿದು ಅನ್ನುವುದರ ಮೇಲೆ. ನಮ್ಮ ತೋಟದ ಡ್ರಿಪ್ ಲೈನ್ ನೆನೆಸಿಕೊಳ್ಳಿ. ಮೋಟಾರ್ ಅದೇ, ಪೈಪ್ ಅದೇ. ಡ್ರಿಪ್ಪರ್‌ಗಳು ಕಿತ್ತುಹೋಗಿ ತೂತು ದೊಡ್ಡದಾದರೆ ಮೊದಲ ಸಾಲಿನಲ್ಲೇ ನೀರು ಸುರಿದು ಹೋಗುತ್ತದೆ, ಕೊನೆಯ ಸಾಲಿನ ಗಿಡ ಒಣಗುತ್ತದೆ. ಇಂಜಿನ್ ಒಳಗೆ ಆ ತೂತುಗಳು ಅಂದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಪ್ಪ ಉಕ್ಕಿನ ದಂಡ) ಮತ್ತು ಬೇರಿಂಗ್ ನಡುವಿನ ಸಂದು. ಹೊಸದರಲ್ಲಿ ಅದು ಸುಮಾರು 0.05 ಮಿಲಿಮೀಟರ್. ತಲೆಕೂದಲಿನಷ್ಟು ದಪ್ಪ ಅಂದುಕೊಳ್ಳಿ. ಸವೆದಂತೆ ಸಂದು ಅಗಲವಾಗುತ್ತದೆ, ಆಯಿಲ್ ಬೇಗ ಸೋರಿ ಚೇಂಬರಿಗೆ ಬೀಳುತ್ತದೆ, ಪ್ರೆಶರ್ ಇಳಿಯುತ್ತದೆ. ಬಿಸಿಯಾದ ಆಯಿಲ್ ತೆಳು, ಇನ್ನೂ ಬೇಗ ಸೋರುತ್ತದೆ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುವಾಗ, ಪಂಪ್ ನಿಧಾನ ತಿರುಗುತ್ತದೆ. ಅದಕ್ಕೇ ಘಾಟ್ ಹತ್ತಿ ನಿಲ್ಲಿಸಿದಾಗಲೇ ಲೈಟ್ ಬಂದಿದ್ದು, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬರದಿದ್ದದ್ದು.

ಭಾಯ್ ಮೊದಲು ಹೊಸ ಫೀಡ್ ಪಂಪ್ ಹಾಕಿಸಿದರು, 1,450 ರೂಪಾಯಿ. ಡೀಸೆಲ್ ಬೆರೆತ ಆಯಿಲ್ ಪೂರ್ತಿ ಇಳಿಸಿ, ಹೊಸ ಫಿಲ್ಟರ್, ಕಂಪನಿ ಹೇಳಿದ 15ಡಬ್ಲ್ಯು-40 ಹಾಕಿದರು. ಇಲ್ಲಿ 2,750. ಆಮೇಲೆ ಗೇಜ್ ಕೂರಿಸಿದರು. ತಣ್ಣಗಿದ್ದಾಗ ಮುಳ್ಳು 3 ಕೆಜಿ ದಾಟಿ ನಿಂತಿತು. ನನಗೆ ಖುಷಿಯೋ ಖುಷಿ. "ಇದನ್ನ ನೋಡಿ ಮೋಸ ಹೋಗಬೇಡ, ಬಿಸಿ ಆಗಲಿ" ಅಂದರು. ಸದ್ದು ಬಂದ ಇಂಜಿನ್ನನ್ನು ರಸ್ತೆಗೆ ಇಳಿಸುವುದು ಬೇಡ ಅಂತ ನಿಂತಲ್ಲೇ ನಿಧಾನವಾಗಿ ಬಿಸಿ ಮಾಡಿದೆವು. ನಲವತ್ತು ನಿಮಿಷ ಇಬ್ಬರೂ ಗೇಜನ್ನೇ ನೋಡುತ್ತಾ ನಿಂತಿದ್ದೆವು. ಮುಳ್ಳು ಗಡಿಯಾರದ ಮುಳ್ಳಿನ ಹಾಗೆ, ಇಳಿಯುವುದು ಕಾಣಿಸುತ್ತಿರಲಿಲ್ಲ, ಇಳಿದಿರುವುದು ಕಾಣಿಸುತ್ತಿತ್ತು. ಕೊನೆಗೆ ಐಡ್ಲಿಂಗ್‌ನಲ್ಲಿ ಅರ್ಧ ಕೆಜಿ. 2,000 ಆರ್‌ಪಿಎಂಗೆ ಏರಿಸಿದರೆ ಒಂದು ಕೆಜಿ ಚಿಲ್ಲರೆ.

ಗೇಜುಗಳಲ್ಲಿ ಕೆಜಿ, ಬಾರ್, ಪಿಎಸ್‌ಐ ಅಂತ ಬೇರೆ ಬೇರೆ ಬರೆದಿರುತ್ತಾರೆ. ಒಂದು ಕೆಜಿಯೂ ಒಂದು ಬಾರೂ ಹೆಚ್ಚುಕಡಿಮೆ ಒಂದೇ, ಎರಡೂ ಸುಮಾರು 14 ಪಿಎಸ್‌ಐ. ಹಳೇ ಮೆಕ್ಯಾನಿಕ್‌ಗಳು ಇಟ್ಟುಕೊಂಡಿರುವ ಒಂದು ಲೆಕ್ಕ ಇದೆ: ಇಂಜಿನ್ ಪೂರ್ತಿ ಬಿಸಿಯಾದಾಗ ಪ್ರತಿ ಸಾವಿರ ಆರ್‌ಪಿಎಂಗೆ ಹತ್ತು ಪಿಎಸ್‌ಐ ಇರಬೇಕು. ಅಂದರೆ 2,000ಕ್ಕೆ 20, ಒಂದೂವರೆ ಕೆಜಿಗೆ ಸ್ವಲ್ಪ ಕಡಿಮೆ. ಇದು ಅಂದಾಜು ಲೆಕ್ಕ. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಇರುವ ಅಂಕಿಯೇ ಸರಿಯಾದದ್ದು. ಎರಡು ಲೆಕ್ಕದಲ್ಲೂ ನಮ್ಮದು ಫೇಲ್.

ಆಮೇಲೆ ಅವರು ಮಾಡಿದ್ದು ನನ್ನ ದುಡ್ಡು ಉಳಿಸಿತು. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ನೋಡಿದರು. ಬ್ಯಾಕ್ ಕಂಪ್ರೆಷನ್ ಇದ್ದರೆ, ಅಂದರೆ ಸಿಲಿಂಡರಿನ ಗಾಳಿ ರಿಂಗ್ ದಾಟಿ ಕೆಳಕ್ಕೆ ಸೋರುತ್ತಿದ್ದರೆ, ಅಲ್ಲಿಂದ ಹೊಗೆ ಬುಸುಬುಸು ಅಂತ ಬರುತ್ತದೆ. ನಮ್ಮದರಲ್ಲಿ ತೆಳುವಾಗಿ ಬಂತು, ಹಳೇ ಇಂಜಿನ್ನಿಗೆ ಅಷ್ಟು ಇರುತ್ತದೆ ಅಂದರು. ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನು ಬಿಚ್ಚಿ ಒಂದೊಂದೇ ಸಿಲಿಂಡರಿನ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ, ಅಳೆಯಲು ಡೀಸೆಲ್ ಪಂಪ್ ರಿಪೇರಿ ಮಾಡುವವರನ್ನು ಕರೆಸಿದರು. ಅವರಿಗೆ 800 ರೂಪಾಯಿ. 370, 365, 370, 345 ಪಿಎಸ್‌ಐ. ನಾಲ್ಕನೆಯದು ಸ್ವಲ್ಪ ಕಡಿಮೆ, ಆದರೆ ನಾಲ್ಕರ ನಡುವೆ ದೊಡ್ಡ ವ್ಯತ್ಯಾಸ ಇಲ್ಲ.

ಅಂದರೆ ಪಿಸ್ಟನ್, ರಿಂಗ್, ಲೈನರ್ ಇನ್ನೂ ಚೆನ್ನಾಗಿವೆ. ಸವೆದಿರುವುದು ಕೆಳಗಿನ ಭಾಗ ಮಾತ್ರ. ಇದನ್ನು ಯಾರೂ ನನಗೆ ಬಿಡಿಸಿ ಹೇಳಿರಲಿಲ್ಲ. ಆಯಿಲ್ ಪ್ರೆಶರ್ ಹೇಳುವುದು ಬೇರಿಂಗ್ ಮತ್ತು ಪಂಪಿನ ಸುದ್ದಿ. ಕಂಪ್ರೆಷನ್ ಹೇಳುವುದು ರಿಂಗ್, ಲೈನರ್, ವಾಲ್ವ್‌ಗಳ ಸುದ್ದಿ. ಒಂದು ಕೆಟ್ಟಿದೆ ಅಂತ ಇನ್ನೊಂದು ಕೆಟ್ಟಿರಲೇಬೇಕು ಅಂತಿಲ್ಲ. ಪ್ರೆಶರ್ ಕಡಿಮೆ ಅಂತ ಹೇಳಿ ಲೈನರ್ ಪಿಸ್ಟನ್ ಹಾಕಿಸಲು ಹೊರಟರೆ ಕಾಲಿಗೆ ಮುಳ್ಳು ಚುಚ್ಚಿದರೆ ಕೈಗೆ ಕಟ್ಟು ಹಾಕಿದ ಹಾಗೆ.

ಏಪ್ರಿಲ್ 7ಕ್ಕೆ ಚೇಂಬರ್ ಇಳಿಸಿದರು. ಗಾಡಿ ಕೆಳಗೆ ನಾನೂ ಮಲಗಿದ್ದೆ. ಮೊದಲು ಕಂಡಿದ್ದು ಸ್ಟ್ರೈನರ್, ಪಂಪ್ ಆಯಿಲ್ ಹೀರುವ ಜಾಲರಿ. ಅದರ ಅರ್ಧ ಭಾಗದ ಮೇಲೆ ಬೂದು ಬಣ್ಣದ ರಬ್ಬರಿನಂಥ ಚೂರುಗಳು ಅಂಟಿದ್ದವು. ಗ್ಯಾಸ್ಕೆಟ್ ಪೇಸ್ಟ್. ಹಿಂದೆ ಯಾವಾಗಲೋ ಚೇಂಬರ್ ಬಿಚ್ಚಿ ಕೂರಿಸಿದವರು ಪೇಸ್ಟನ್ನು ಜಾಸ್ತಿ ಬಳಿದಿದ್ದಾರೆ. ಒಳಗೆ ಉಬ್ಬಿದ ಪೇಸ್ಟ್ ಕಿತ್ತುಬಂದು ಜಾಲರಿಗೆ ಅಂಟಿಕೊಂಡಿದೆ. ಭಾಯ್ ಒಂದೊಂದೇ ಚೂರನ್ನು ಚಿಮುಟಿಯಲ್ಲಿ ಕಿತ್ತು ನನ್ನ ಅಂಗೈ ಮೇಲೆ ಇಟ್ಟರು. ಹನ್ನೊಂದು ಚೂರು. ನಿಮ್ಮ ಗಾಡಿಯ ಚೇಂಬರ್ ಯಾರೇ ಕೂರಿಸಲಿ, ಪಕ್ಕದಲ್ಲಿ ನಿಂತು ನೋಡಿ. ಪೇಸ್ಟ್ ದಾರದಷ್ಟು ಸಣ್ಣಗೆ ಎಳೆದರೆ ಸಾಕು.

ಆಮೇಲೆ ಕನೆಕ್ಟಿಂಗ್ ರಾಡಿನ ಕ್ಯಾಪ್ ಬಿಚ್ಚಿ ಬಿಗ್ ಎಂಡ್ ಬೇರಿಂಗ್ ಕೈಗೆ ಕೊಟ್ಟರು. ಅರ್ಧಚಂದ್ರದ ಆಕಾರ. ಚೆನ್ನಾಗಿರುವ ಬೇರಿಂಗ್ ಒಳಗಡೆ ಮಂಕು ಬೂದು ಬಣ್ಣ ಇರುತ್ತದೆ. ಅದು ತೆಳುವಾದ ಮೆತ್ತನೆಯ ಲೋಹದ ಪದರ. ಅದರ ಕೆಳಗೆ ತಾಮ್ರದ ಪದರ, ಅದರ ಹಿಂದೆ ಉಕ್ಕು. ಒಂದನೇದರಲ್ಲಿ ಅಲ್ಲಲ್ಲಿ ತಾಮ್ರ ಇಣುಕುತ್ತಿತ್ತು. ಮೂರನೇದು ಪೂರ್ತಿ ತಾಮ್ರವೇ, ಹೊಸದಾಗಿ ತಿಕ್ಕಿದ ಚೊಂಬಿನ ಹಾಗೆ ಹೊಳೆಯುತ್ತಿತ್ತು. ನೋಡಲು ಚಂದ, ಆದರೆ ಎದೆ ಧಸಕ್ ಅಂತು. ಕ್ರ್ಯಾಂಕಿನ ಅದೇ ಜಾಗದ ಮೇಲೆ ಉಗುರು ಎಳೆದು ನೋಡು ಅಂದರು. ಉಗುರು ಗೀರಿಗೆ ಸಿಕ್ಕಿತು. ಉಗುರಿಗೆ ಸಿಗುವ ಗೀರು ಇದ್ದರೆ ಬರೀ ಬೇರಿಂಗ್ ಬದಲಾಯಿಸಿ ಸುಮ್ಮನಿರಲು ಆಗುವುದಿಲ್ಲ, ಕ್ರ್ಯಾಂಕ್ ಗ್ರೈಂಡಿಂಗ್ ಆಗಲೇಬೇಕು.

ಕೆಳಗಿನಿಂದಲೇ ಬೇರಿಂಗ್ ಹಾಕಿ ಎರಡು ದಿನದಲ್ಲಿ ಗಾಡಿ ಕೊಡುತ್ತಾರೆ ಅಂತ ಆಸೆ ಇಟ್ಟುಕೊಂಡಿದ್ದೆ. ಈಗ ಇಂಜಿನ್ ಇಳಿಸಬೇಕು. ಹತ್ತು ಹದಿನೈದು ಸಾವಿರದ ಲೆಕ್ಕ ಒಂದೇ ಕ್ಷಣದಲ್ಲಿ ಮೂರರಷ್ಟಾಯಿತು. ಮನೆಗೆ ಹೋಗಿ ಅಮ್ಮನಿಗೆ ಹೇಳುವಾಗ ಗಂಟಲು ಕಟ್ಟಿತು. ಅವರು ಸಂಘದಿಂದ 20 ಸಾವಿರ ಸಾಲ ಎತ್ತಿ ಕೊಟ್ಟರು.

ಇಂಜಿನ್ ಇಳಿಸಿದರೂ ಹೆಡ್ ಬಿಚ್ಚಲಿಲ್ಲ. ರಾಡುಗಳನ್ನು ಮೇಲಕ್ಕೆ ತಳ್ಳಿ ಕ್ರ್ಯಾಂಕ್ ಮಾತ್ರ ಹೊರಗೆ ತೆಗೆದರು. "ಹೇಗೂ ಇಳಿಸಿದೀರಲ್ಲ, ಲೈನರ್ ಪಿಸ್ಟನ್ನೂ ಹಾಕಿಸಿಬಿಡಿ" ಅಂತ ನೋಡಿದವರೆಲ್ಲ ಹೇಳಿದರು. ನನಗೂ ಮನಸ್ಸು ಅಲ್ಲಾಡಿತು. ಕಂಪ್ರೆಷನ್ ಬರೆದಿಟ್ಟ ಚೀಟಿ ಜೇಬಿನಲ್ಲಿತ್ತು. ಅದನ್ನು ತೆಗೆದು ನೋಡಿ ಬೇಡ ಅಂದೆ. ಕ್ಲಚ್ ಪ್ಲೇಟ್ ಮಾತ್ರ ಸವೆದಿತ್ತು, ಮತ್ತೆ ಗೇರ್‌ಬಾಕ್ಸ್ ಇಳಿಸುವ ಕೂಲಿ ಕೊಡುವ ಬದಲು ಈಗಲೇ ಆಗಲಿ ಅಂತ 3,400 ಕೊಟ್ಟು ಹಾಕಿಸಿದೆ.

ಲೇತಿನಲ್ಲಿ ಮೈಕ್ರೋಮೀಟರ್ ಹಿಡಿದು ಕ್ರ್ಯಾಂಕಿನ ಪ್ರತಿ ಜರ್ನಲ್ಲನ್ನೂ (ಬೇರಿಂಗ್ ಕೂರುವ ದುಂಡು ಭಾಗ) ಎರಡು ದಿಕ್ಕಿನಲ್ಲಿ ಅಳೆದರು. ಮೂರನೆಯದು ದುಂಡಗಿರಲಿಲ್ಲ, ಮೊಟ್ಟೆಯ ಹಾಗೆ ಆಗಿತ್ತು. 0.25 ಮಿಲಿಮೀಟರ್ ಗ್ರೈಂಡ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂದರು. ನಮ್ಮ ಕಡೆ ಇದಕ್ಕೆ "ಟೆನ್ ಅಂಡರ್" ಅಂತಾರೆ, ಅಂದರೆ ಹತ್ತು ಥೌ, ಇಂಚಿನ ಸಾವಿರದಲ್ಲಿ ಹತ್ತು ಪಾಲು. ಇಲ್ಲಿ ಭಾಯ್ ಹೇಳಿದ ಮಾತನ್ನು ಹಾಗೇ ಹೇಳುತ್ತೇನೆ: ಬೇರಿಂಗ್ ಕೈಗೆ ಬರುವವರೆಗೆ ಕ್ರ್ಯಾಂಕನ್ನು ಕಲ್ಲಿಗೆ ಕೊಡಬೇಡಿ. ಗ್ರೈಂಡ್ ಆದ ಮೇಲೆ ಆ ಅಳತೆಯ ಬೇರಿಂಗ್ ಸಿಗದಿದ್ದರೆ ಇನ್ನೊಂದು ಸೈಜ್ ಕೆಳಗೆ ಇಳಿಸಬೇಕಾಗುತ್ತದೆ. ಕ್ರ್ಯಾಂಕಿನ ಆಯಸ್ಸು ಅಷ್ಟು ಕಡಿಮೆ.

ಕೋಲಾರದಲ್ಲಿ ನಮ್ಮ ಸೈಜ್ ಇರಲಿಲ್ಲ. ಮತ್ತೆ ಜೆ.ಸಿ. ರೋಡ್. ಮೂರನೇ ಅಂಗಡಿಯಲ್ಲಿ ಸಿಕ್ಕಿತು. ಮೇನ್, ಬಿಗ್ ಎಂಡ್, ಥ್ರಸ್ಟ್ ವಾಷರ್ ಸೇರಿ 5,400. ಡಬ್ಬಿಯ ಮೇಲೆ 0.25 ಅಂತ ಇತ್ತು. ಕೌಂಟರಿನಲ್ಲೇ ಬಿಚ್ಚಿ ಒಂದೊಂದರ ಬೆನ್ನು ನೋಡಿದೆ. ಅಲ್ಲಿ ಸೈಜ್ ಒತ್ತಿರುತ್ತಾರೆ. ಎರಡು ಬೇರಿಂಗಿನ ಬೆನ್ನ ಮೇಲೆ 050 ಅಂತ ಇತ್ತು! ಅಂಗಡಿಯವರು ತಕ್ಷಣ ಬದಲಾಯಿಸಿ ಕೊಟ್ಟರು. ಮನೆಗೆ ತಂದ ಮೇಲೆ ನೋಡಿದ್ದರೆ ಇನ್ನೊಂದು ದಿನ ಹೋಗುತ್ತಿತ್ತು. ಹೊಸ ಆಯಿಲ್ ಪಂಪ್ 3,900. ಗ್ಯಾಸ್ಕೆಟ್, ಆಯಿಲ್ ಸೀಲ್ ಎಲ್ಲ ಸೇರಿ 2,850. ಎಲ್ಲದಕ್ಕೂ ಬಿಲ್ ತಗೊಂಡೆ.

ಗ್ರೈಂಡಿಂಗಿಗೆ 3,600 ರೂಪಾಯಿ, ನಾಲ್ಕು ದಿನ ಕಾಯುವಿಕೆ. ನಮ್ಮ ಮುಂದೆ ಎರಡು ಟ್ರ್ಯಾಕ್ಟರ್ ಕ್ರ್ಯಾಂಕ್ ಇದ್ದವು. ಆ ನಾಲ್ಕು ದಿನ ಮಾಡಲು ಏನೂ ಕೆಲಸ ಇಲ್ಲ. ಬೇರೆಯವರ ಗಾಡಿಯಲ್ಲಿ ನಮ್ಮ ಗಿರಾಕಿಗಳ ಮಾಲು ಹೋಗುವುದನ್ನು ನೋಡುತ್ತಾ ಕೂರುವುದು ಬಹಳ ಕಷ್ಟ.

ಕ್ರ್ಯಾಂಕ್ ವಾಪಸ್ ಬಂದಾಗ ಕನ್ನಡಿಯ ಹಾಗಿತ್ತು. ಭಾಯ್ ಅದರ ಹೊಳಪು ನೋಡಲಿಲ್ಲ, ಆಯಿಲ್ ತೂತುಗಳನ್ನು ನೋಡಿದರು. ಸಣ್ಣ ತಂತಿ ಬ್ರಷ್, ಡೀಸೆಲ್, ಗಾಳಿ ಹಿಡಿದು ಪ್ರತಿ ತೂತನ್ನೂ ಮೂರು ಮೂರು ಸಲ ತೊಳೆದರು. ಮೊದಲ ಸಲ ಕಪ್ಪು ಹುಡಿ ಬಂತು. ಅದು ಗ್ರೈಂಡಿಂಗ್ ಕಲ್ಲಿನ ಪುಡಿ. ಅದು ಒಳಗೇ ಉಳಿದಿದ್ದರೆ ಹೊಸ ಬೇರಿಂಗನ್ನು ಮೊದಲ ದಿನವೇ ತಿಂದುಹಾಕುತ್ತಿತ್ತು. ಜೋಡಿಸುವಾಗ ಪ್ಲಾಸ್ಟಿಗೇಜ್ ಎಂಬ ಮೇಣದ ದಾರದಂಥದ್ದನ್ನು ಬೇರಿಂಗ್ ನಡುವೆ ಇಟ್ಟು, ಟಾರ್ಕ್ ಪಾನಾದಲ್ಲಿ ಬಿಗಿದು, ಮತ್ತೆ ಬಿಚ್ಚಿ, ಚಪ್ಪಟೆಯಾದ ದಾರದ ಅಗಲವನ್ನು ಅದರ ಅಳತೆ ಪಟ್ಟಿಗೆ ಹಿಡಿದು ನೋಡಿದೆವು. 0.05. ಎಲ್ಲ ಕಡೆ ಹೆಚ್ಚುಕಡಿಮೆ ಅಷ್ಟೇ. ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗಿತು.

ಏಪ್ರಿಲ್ 19ರ ಸಂಜೆ ಸ್ಟಾರ್ಟ್ ಮಾಡುವ ಹೊತ್ತು. ಫಿಲ್ಟರಿಗೆ ಮೊದಲೇ ಆಯಿಲ್ ತುಂಬಿ ಕೂರಿಸಿದ್ದರು. ಸ್ಟಾಪ್ ಕೇಬಲ್ ಎಳೆದು ಹಿಡಿ, ಡೀಸೆಲ್ ಹೋಗಬಾರದು, ಬರೀ ಸೆಲ್ಫ್ ಹೊಡಿ ಅಂದರು. ಹತ್ತು ಸೆಕೆಂಡ್ ಹೊಡೆದೆ, ಗೇಜ್ ಸೊನ್ನೆ. ಒಂದು ನಿಮಿಷ ಬಿಟ್ಟು ಮತ್ತೆ ಹತ್ತು ಸೆಕೆಂಡ್, ಸೊನ್ನೆ. ಕೈ ಬೆವರುತ್ತಿತ್ತು. ಮೂರನೇ ಸಲಕ್ಕೆ ಮುಳ್ಳು ಒಮ್ಮೆ ನಡುಗಿ ಮೇಲೆದ್ದಿತು. ಆಯಿಲ್ ಎಲ್ಲ ಬೇರಿಂಗಿಗೂ ಮುಟ್ಟಿದೆ ಅಂತ ಗೊತ್ತಾದ ಮೇಲೆಯೇ ಸ್ಟಾಪ್ ಕೇಬಲ್ ಬಿಡಲು ಹೇಳಿದರು. ಇಂಜಿನ್ ಎದ್ದಿತು. ಆ ಮರದ ಕೊಡತಿಯ ಸದ್ದು ಇರಲಿಲ್ಲ. ಭಾಯ್ ಉದ್ದದ ಸ್ಕ್ರೂಡ್ರೈವರ್ ಬ್ಲಾಕಿಗೆ ಇಟ್ಟು ಅದರ ಹಿಡಿಗೆ ಕಿವಿ ಕೊಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ತಲೆಯಾಡಿಸಿದರು. ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ 1.4 ಕೆಜಿ, 2,000ಕ್ಕೆ 3.2.

ಮೊದಲ 500 ಕಿಲೋಮೀಟರ್ ಅರ್ಧ ಲೋಡ್ ಮಾತ್ರ, ಮೇಲಿನ ಗೇರಿನಲ್ಲಿ ಎಳೆಸಬೇಡ ಅಂದರು. 500ಕ್ಕೆ ಆಯಿಲ್, ಫಿಲ್ಟರ್ ಮತ್ತೆ ಬದಲಾಯಿಸಿದೆವು. ಇಳಿಸಿದ ಆಯಿಲನ್ನು ಬಿಳಿ ತಟ್ಟೆಯಲ್ಲಿ ಹಾಕಿ ಬಿಸಿಲಿಗೆ ಹಿಡಿದೆ. ಒಂದೆರಡು ಹೊಳೆಯುವ ಕಣ ಬಿಟ್ಟರೆ ಏನೂ ಇರಲಿಲ್ಲ. ತಾಮ್ರದ ಬಣ್ಣ ಕಾಣಲಿಲ್ಲ. ಕೂಲಿ 12 ಸಾವಿರ. ಮೊದಲು ಹಾಕಿದ ಸ್ವಿಚ್, ದಂಡವಾದ ದಪ್ಪ ಆಯಿಲ್, ಗೇಜ್, ಮೂರು ಸಲದ ಹೊಸ ಆಯಿಲ್ ಎಲ್ಲ ಸೇರಿಸಿದರೆ ಹತ್ತಿರ ಹತ್ತಿರ 46 ಸಾವಿರ ಆಗಿದೆ. ಚೆನ್ನೈನಿಂದ ಗಾಡಿ ತಂದ ಮೂರು ಸಾವಿರ, ಬಸ್ ಚಾರ್ಜು, ಮೂರು ವಾರದ ದುಡಿಮೆ ಇದರಲ್ಲಿ ಸೇರಿಲ್ಲ. ಲೈಟ್ ಮೊದಲ ಸಲ ಮಿನುಗಿದ ದಿನವೇ ಗೇಜ್ ಹಾಕಿ ನೋಡಿದ್ದರೆ ಫೀಡ್ ಪಂಪ್ ಮತ್ತು ಆಯಿಲಿಗೆ ಸೇರಿ ನಾಲ್ಕೈದು ಸಾವಿರ, ಬಹಳ ಅಂದರೆ ಕೆಳಗಿನಿಂದಲೇ ಬೇರಿಂಗ್ ಬದಲಾಯಿಸುವಷ್ಟರಲ್ಲಿ ಮುಗಿಯುತ್ತಿತ್ತು ಅಂತ ಭಾಯ್ ಹೇಳಿದರು. ಕ್ರ್ಯಾಂಕ್ ಮೇಲಿನ ಆ ಗೀರು ಬಿದ್ದಿದ್ದು ದಪ್ಪ ಆಯಿಲ್ ಹಾಕಿ ಓಡಿಸಿದ ಎರಡು ವಾರದಲ್ಲೇ ಇರಬೇಕು ಅನ್ನುವುದು ಅವರ ಅಂದಾಜು.

ಬ್ಲಾಕ್ ಅದೇ ಆದ್ದರಿಂದ ಇಂಜಿನ್ ನಂಬರಿನ ತಾಪತ್ರಯ ಇರಲಿಲ್ಲ. ಎಮಿಷನ್ ಮಾಡಿಸಿ, ಮೀಟರ್, ಲೈಟು, ಬ್ರೇಕ್ ನೋಡಿಸಿಕೊಂಡು ಏಪ್ರಿಲ್ 28ಕ್ಕೆ ಎಫ್‌ಸಿಯೂ ಆಯಿತು.

ಗೇಜನ್ನು ಬಿಚ್ಚಿಲ್ಲ. ಸ್ಟೇರಿಂಗಿನ ಎಡಕ್ಕೆ ಕೂರಿಸಿದ್ದೇನೆ. ಆಯಿಲ್ ಸ್ವಿಚ್ಚೂ ಇರಲಿ ಅಂತ ಟೀ ಜಾಯಿಂಟ್ ಹಾಕಿಸಿ ಎರಡನ್ನೂ ಉಳಿಸಿಕೊಂಡೆ. ಗೇಜ್ ಜತೆ ಬಂದ ಪ್ಲಾಸ್ಟಿಕ್ ಪೈಪ್ ತೆಗೆದು ತಾಮ್ರದ ಪೈಪ್ ಹಾಕಿದ್ದೇವೆ. ಬಿಸಿ ಆಯಿಲ್ ಇರುವ ಪ್ಲಾಸ್ಟಿಕ್ ಪೈಪ್ ಕ್ಯಾಬಿನ್ ಒಳಗೆ ಒಡೆದರೆ ಕಾಲ ಮೇಲೆ ಬೀಳುತ್ತದೆ. ಪೈಪ್ ಬಾಡಿ ದಾಟುವ ಕಡೆ ರಬ್ಬರ್ ಬುಷ್ ಇದೆ. ವಾರಕ್ಕೊಮ್ಮೆ ಬಿಸಿ ಐಡ್ಲಿಂಗಿನ ಪ್ರೆಶರ್, ಕಡ್ಡಿಯ ಮಟ್ಟ, ಕಿಲೋಮೀಟರ್ ಮೂರನ್ನೂ ಪಾಕೆಟ್ ಪುಸ್ತಕದಲ್ಲಿ ಬರೆಯುತ್ತೇನೆ. ಕಡ್ಡಿ ಎಳೆದಾಗಲೆಲ್ಲ ಮೂಸುತ್ತೇನೆ.

ಮೊನ್ನೆ ಕೊಯಂಬೇಡಿನಿಂದ ವಾಪಸ್ ಬರುವಾಗ ಮೊಗಿಲಿ ಘಾಟ್ ಹತ್ತಿ ಪಲಮನೇರಿನ ಅದೇ ಟೀ ಅಂಗಡಿ ಮುಂದೆ ನಿಲ್ಲಿಸಿದೆ. ಇಂಜಿನ್ ಓಡುತ್ತಲೇ ಇತ್ತು, ಹೊರಗೆ ಸುಡುವ ಬಿಸಿಲು. ಗೇಜ್ 1.3 ತೋರಿಸಿತು. ಪುಸ್ತಕದಲ್ಲಿ ಬರೆದುಕೊಂಡು ಇಂಜಿನ್ ಆಫ್ ಮಾಡಿ, ಟೀ ಹೇಳಿದೆ.